ಹೊಲದಲ್ಲಿರೋ ಮಾಸ್ತಿಗಲ್ಲು ಮಕ್ಕಳ ಮದುವೆಗೆ ಅಡ್ಡ ಬರುತ್ತಾ? ಕಲ್ಲು ಹೇಳೋದೇನು, ಕಾನೂನು ಹೇಳೋದೇನು

ಮೈಸೂರು ಜಿಲ್ಲೆಯ ಅನೇಕ ಊರುಗಳಲ್ಲಿ ಹೊಲದ ಬದುವಿನ ಮೇಲೆ, ಕೆರೆ ಏರಿ ಪಕ್ಕದಲ್ಲಿ, ಊರಾಚೆಯ ಮರದ ಬುಡದಲ್ಲಿ ಹಳೇ ಕೆತ್ತನೆ ಕಲ್ಲುಗಳಿವೆ. ಕೆಲವಕ್ಕೆ ಅರಿಶಿನ ಕುಂಕುಮ ಬೀಳುತ್ತೆ, ಕೆಲವಕ್ಕೆ ಎಮ್ಮೆ ಕಟ್ಟುತ್ತಾರೆ. ಯಾರ ಕಲ್ಲು, ಯಾವ ಕಾಲದ್ದು ಅಂತ ಕೇಳಿದರೆ ‘ನಮ್ಮ ತಾತನ ಕಾಲದಿಂದ ಐತೆ’ ಅನ್ನೋ ಉತ್ತರ ಬರುತ್ತೆ.

ಈ ಕಲ್ಲುಗಳ ನೆನಪು ಜೋರಾಗಿ ಬರೋದು ಮೂರು ಸಂದರ್ಭದಲ್ಲಿ. ಜಮೀನು ಮಾರುವಾಗ ಅಥವಾ ಪಾಲು ಮಾಡುವಾಗ ಒಂದು. ನಿಧಿ ಇದೆ ಅಂತ ಯಾರಾದರೂ ಕಿವಿಗೆ ಊದಿದಾಗ ಇನ್ನೊಂದು. ಮೂರನೆಯದು, ಮನೆ ಮಗಳೋ ಮಗನೋ ‘ನಾನು ಒಬ್ಬರನ್ನ ಇಷ್ಟಪಟ್ಟಿದೀನಿ’ ಅಂತ ಬಾಯಿಬಿಟ್ಟಾಗ. ಜಾತಿ, ಜಾತಕ, ಅಂತಸ್ತಿನ ಮಾತಿನ ಜೊತೆಗೆ ಕೆಲವು ಮನೆಗಳಲ್ಲಿ ಹೊಲದ ಕಲ್ಲೂ ಪಂಚಾಯ್ತಿಗೆ ಬಂದು ಕೂರುತ್ತೆ. ‘ಆ ಕಲ್ಲಿನ ಶಾಪ ಐತೆ ಕಣವ್ವ, ನಮ್ಮ ವಂಶದಲ್ಲಿ ಇಷ್ಟಪಟ್ಟು ಮದ್ವೆ ಆದೋರು ಉದ್ಧಾರ ಆಗಲ್ಲ’ ಅಂತ ಹಿರಿಯರು ಹೇಳಿಬಿಟ್ಟರೆ ಎದುರು ಮಾತಾಡೋದು ಕಷ್ಟ.

ಆದರೆ ಆ ಕಲ್ಲು ನಿಜವಾಗಿ ಏನು ಹೇಳುತ್ತೆ? ಅದನ್ನು ಯಾರಾದರೂ ಓದಿಸಿದ್ದಾರಾ? ಈ ಲೇಖನದ ವಿಷಯ ಇದೇ.

ಮೊದಲು ಕಲ್ಲು ಯಾವುದು ಅಂತ ಗುರುತಿಸಿ

ಹೊಲದಲ್ಲಿ ಸಿಗುವ ಹಳೇ ಕಲ್ಲುಗಳೆಲ್ಲ ಒಂದೇ ಅಲ್ಲ. ಕೆತ್ತನೆ ನೋಡಿಯೇ ಸುಮಾರಾಗಿ ಗುರುತು ಹಿಡಿಯಬಹುದು.

ವೀರಗಲ್ಲು: ಸಾಮಾನ್ಯವಾಗಿ ಮೂರು ಅಂಕಣ ಇರುತ್ತವೆ. ಕೆಳಗಿನದರಲ್ಲಿ ಹೋರಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದುಕೊಂಡು ಹೋಗುವ ಚಿತ್ರ, ಮೇಲೆ ದೇವರ ಸನ್ನಿಧಿಯಲ್ಲಿ ಆತ ಕೂತಿರುವ ಚಿತ್ರ. ಬರಹ ಇದ್ದರೆ ಹೆಚ್ಚಾಗಿ ಅಂಕಣಗಳ ನಡುವಿನ ಪಟ್ಟಿಯಲ್ಲಿರುತ್ತೆ. ರಾಜರ ಯುದ್ಧದಲ್ಲಿ ಸತ್ತವರಿಗೆ ಮಾತ್ರ ಇದು ಅಂದುಕೊಳ್ಳಬೇಡಿ. ದನ ಹೊಡೆದುಕೊಂಡು ಹೋದ ಕಳ್ಳರ ಹಿಂದೆ ಬಿದ್ದು ಸತ್ತವರಿಗೆ, ಊರ ಹೆಣ್ಣುಮಕ್ಕಳ ಮಾನ ಕಾಯುತ್ತ ಸತ್ತವರಿಗೆ, ಹುಲಿ-ಹಂದಿ ಬೇಟೆಯಲ್ಲಿ ಸತ್ತವರಿಗೂ ಊರಿನವರು ಕಲ್ಲು ನಿಲ್ಲಿಸಿದ್ದಾರೆ.

ಮಾಸ್ತಿಗಲ್ಲು: ಇದು ಮಹಾಸತಿ ಕಲ್ಲು. ಗಂಡ ಸತ್ತಾಗ ಬೆಂಕಿಗೆ ಬಿದ್ದ ಹೆಣ್ಣಿನ ನೆನಪಿಗೆ ನಿಲ್ಲಿಸಿದ್ದು. ಕಂಬದಿಂದ ಹೊರಟ, ಮೊಣಕೈ ಮಡಿಸಿ ಮೇಲೆತ್ತಿದ ಒಂದು ಕೈ, ಕೈತುಂಬ ಬಳೆ, ಎಷ್ಟೋ ಸಲ ಬೆರಳ ನಡುವೆ ನಿಂಬೆಹಣ್ಣು. ಮೇಲೆ ಸೂರ್ಯ ಚಂದ್ರ. ಗಂಡ ಹೆಂಡತಿ ಇಬ್ಬರೂ ಇರುವ ಕಲ್ಲುಗಳೂ ಇವೆ. ಬರಹವೇ ಇಲ್ಲದ ಮಾಸ್ತಿಗಲ್ಲುಗಳು ಬೇಕಾದಷ್ಟಿವೆ.

ದಾನದ ಕಲ್ಲು: ಹಸು ಕರು, ಲಿಂಗ, ಸೂರ್ಯ ಚಂದ್ರ, ಕೆಳಗೆ ಸಾಲು ಸಾಲು ಬರಹ. ಇಂಥವರು ಇಂಥ ದೇವರಿಗೆ ಅಥವಾ ಇಂಥ ವ್ಯಕ್ತಿಗೆ ಇಷ್ಟು ಭೂಮಿ ಕೊಟ್ಟರು ಅನ್ನೋ ದಾಖಲೆ. ಇವತ್ತಿನ ರಿಜಿಸ್ಟರ್ ಪತ್ರದ ಹಾಗೆ.

ಗಡಿ ಕಲ್ಲು: ಲಿಂಗದ ಗುರುತು ಇದ್ದರೆ ಶಿವನ ಗುಡಿಗೆ ಬಿಟ್ಟ ಭೂಮಿ, ಕೊಡೆ ಹಿಡಿದ ವಾಮನನ ಚಿತ್ರ ಇದ್ದರೆ ವಿಷ್ಣುವಿನ ಗುಡಿಗೆ ಬಿಟ್ಟ ಭೂಮಿ, ಒಂದರ ಮೇಲೊಂದು ಮೂರು ಕೊಡೆ ಇದ್ದರೆ ಜೈನ ಬಸದಿಯ ಭೂಮಿ. ದಾನ ಕೊಟ್ಟ ಜಮೀನಿನ ಎಲ್ಲೆ ತೋರಿಸಲು ನೆಟ್ಟ ಕಲ್ಲುಗಳಿವು. ‘ನಿಧಿ ಗುರುತು’ ಅಂತ ಹೇಳಿ ಜನ ಗುಂಡಿ ತೋಡೋದು ಹೆಚ್ಚಾಗಿ ಇಂಥ ಕಲ್ಲುಗಳ ಬುಡದಲ್ಲೇ. ಸರ್ವೆಯವರು ನೆಟ್ಟ ಕಲ್ಲಿನ ಕೆಳಗೆ ಚಿನ್ನ ಹುಡುಕಿದ ಹಾಗೆ!

ದೇಕಬ್ಬೆ ಕಥೆ: ನಮ್ಮ ಕೋಟೆ ಸೀಮೆಯದ್ದೇ

ಮಾಸ್ತಿಗಲ್ಲಿನ ಹಿಂದೆ ಎಂಥ ಕಥೆ ಇರಬಹುದು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿ ಕ್ರಿ.ಶ. 1057ರ ಒಂದು ಶಾಸನ ಇದೆ. ಬಿ.ಎಲ್. ರೈಸ್ ಅವರು 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 4ನೇ ಸಂಪುಟದಲ್ಲಿ ಅದು ಅಚ್ಚಾಗಿದೆ. ಕನ್ನಡ ಸಾಹಿತ್ಯ ಓದಿದವರಿಗೆ ‘ಬೆಳತೂರು ಶಾಸನ’ ಅಂದರೆ ಗೊತ್ತಿರುತ್ತೆ. ಕವಿಯೊಬ್ಬ ಬರೆದ ಕಾವ್ಯದಂತೆಯೇ ಇದೆ ಅದು.

ಆಗ ಈ ಭಾಗ ಚೋಳರ ಕೈಯಲ್ಲಿತ್ತು. ದೇಕಬ್ಬೆ ನುಗುನಾಡಿನ ಒಡೆಯ ರವಿಗನ ಮಗಳು. ನವಿಲೆನಾಡಿನ ಒಡೆಯ ಏಚನ ಹೆಂಡತಿ. ಏಚ ಕುಸ್ತಿಯಲ್ಲಿ ಸಂಬಂಧಿಕನೊಬ್ಬನನ್ನು ಕೊಂದ. ಅದಕ್ಕೆ ಅರಸನ ಕಡೆಯಿಂದ ತಲಕಾಡಿನಲ್ಲಿ ಅವನಿಗೆ ಮರಣದಂಡನೆ ಆಯಿತು. ಸುದ್ದಿ ದೇಕಬ್ಬೆಗೆ ಮುಟ್ಟಿತು. ಅವಳು ಬೆಂಕಿಗೆ ಹೋಗಲು ನಿಂತಳು. ಹೆತ್ತವರು ಬೇಡ ಅಂತ ತಡೆದರು. ಅವಳು ಕೇಳಲಿಲ್ಲ.

ಇದರಲ್ಲಿ ಗಮನಿಸಬೇಕಾದ ಎರಡು ಸಂಗತಿ ಇವೆ.

ಮೊದಲನೆಯದು, ಈ ಮನೆ ಹಾಳಾದದ್ದು ಗಂಡ ಹೆಂಡತಿಯ ಪ್ರೀತಿಯಿಂದಲ್ಲ. ಸಂಬಂಧಿಕರ ನಡುವಿನ ಒಂದು ಸಾವು, ಅದರ ಮೇಲೆ ಅರಸನ ಶಿಕ್ಷೆ, ಗಂಡ ಹೋದ ಮೇಲೆ ಹೆಣ್ಣು ಬದುಕಬಾರದು ಅನ್ನೋ ಆ ಕಾಲದ ಕ್ರೂರ ಪದ್ಧತಿ, ಈ ಮೂರೂ ಸೇರಿ ಹಾಳು ಮಾಡಿದವು. ಬಾಯಿಂದ ಬಾಯಿಗೆ ಬರುವ ಕಥೆಯಲ್ಲಿ ಕಾರಣ ಉದುರಿಹೋಗುತ್ತೆ, ‘ಹೆಣ್ಣು ಸತ್ತಳು’ ಅನ್ನೋದು ಮಾತ್ರ ಉಳಿಯುತ್ತೆ. ಆಮೇಲೆ ಅದಕ್ಕೆ ನಮಗೆ ಬೇಕಾದ ಕಾರಣ ಸೇರಿಸಿಕೊಳ್ಳುತ್ತೇವೆ.

ಎರಡನೆಯದು, ಹೆತ್ತವರು ಮಗಳು ಬದುಕಲಿ ಅಂತಲೇ ಅತ್ತರು ಅನ್ನೋದನ್ನ ಶಾಸನ ಬರೆದವರು ಬಿಟ್ಟಿಲ್ಲ. ಸಾವಿರ ವರ್ಷದ ಹಿಂದೆಯೂ ಅಪ್ಪ ಅಮ್ಮನಿಗೆ ಬೇಕಿದ್ದದ್ದು ಮಗಳ ಜೀವ. ಇವತ್ತು ಅಂಥದ್ದೇ ಕಲ್ಲಿನ ಹೆಸರು ಹೇಳಿ ಮಗಳ ಬದುಕಿಗೆ ಅಡ್ಡ ನಿಲ್ಲುವವರು ಇದನ್ನ ಒಂದು ಸಲ ಯೋಚನೆ ಮಾಡಬೇಕು.

ಒಂದು ಎಚ್ಚರಿಕೆ: ಸಹಗಮನಕ್ಕೆ ಬ್ರಿಟಿಷ್ ಆಡಳಿತ 1829ರಲ್ಲೇ ಬಂಗಾಳದಲ್ಲಿ ನಿಷೇಧ ಹಾಕಿತು. 1987ರ ಸತಿ ತಡೆ ಕಾಯ್ದೆಯ ಪ್ರಕಾರ ಸತಿ ಪದ್ಧತಿಯನ್ನು ವೈಭವೀಕರಿಸೋದೂ ಅಪರಾಧ. ಕನಿಷ್ಠ 1 ವರ್ಷದಿಂದ 7 ವರ್ಷದವರೆಗೆ ಜೈಲು, ಜೊತೆಗೆ ದಂಡ ಇದೆ. ಹಳೇ ಕಲ್ಲನ್ನು ಇತಿಹಾಸ ಅಂತ ಕಾಪಾಡೋದು ಬೇರೆ, ಆ ಪದ್ಧತಿಯನ್ನು ಹಾಡಿ ಹೊಗಳೋದು ಬೇರೆ.

ಹಾಗಾದರೆ ‘ಶಾಪ’ ಎಲ್ಲಿಂದ ಬಂತು?

ಹಳೇ ಕಲ್ಲುಗಳಲ್ಲಿ ಶಾಪ ಇರೋದು ನಿಜ. ಆದರೆ ಅದು ಇರೋದು ಬಹುಪಾಲು ದಾನದ ಕಲ್ಲುಗಳಲ್ಲಿ, ಅದೂ ಬರಹದ ಕೊನೆಯಲ್ಲಿ. ಶಾಪ ಹಾಕಿರೋದು ಕೊಟ್ಟ ಭೂಮಿಯನ್ನು ವಾಪಸ್ ಕಿತ್ತುಕೊಳ್ಳುವವನಿಗೆ. ಅಂಥವನು 60 ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟುತ್ತಾನೆ, ಕಾಶಿಯಲ್ಲಿ ಗೋವು ಕೊಂದ ಪಾಪ ಸುತ್ತಿಕೊಳ್ಳುತ್ತೆ ಅನ್ನೋ ಅರ್ಥದ ಮಾತುಗಳು ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಓದು ಬಾರದವರಿಗೂ ಅರ್ಥ ಆಗಲಿ ಅಂತ ಕತ್ತೆಯ ಅಸಹ್ಯ ಚಿತ್ರ ಕೆತ್ತಿ ಬೈದಿರುವ ಕಲ್ಲುಗಳೂ ಇವೆ.

ಕೋರ್ಟು, ರಿಜಿಸ್ಟ್ರಾರ್ ಆಫೀಸು ಪಕ್ಕದಲ್ಲಿ ಇಲ್ಲದ ಕಾಲದಲ್ಲಿ ದಾಖಲೆಗೆ ಕಾವಲು ಅಂದರೆ ಇದೇ ಶಾಪ. ಸೂರ್ಯ ಚಂದ್ರರನ್ನು ಕೆತ್ತಿರೋದೂ ‘ಇವರಿಬ್ಬರು ಇರುವ ತನಕ ಈ ದಾನ ನಡೀಬೇಕು’ ಅನ್ನೋದಕ್ಕೆ. ಈ ಶಾಪ ಭೂಗಳ್ಳನಿಗೆ ಹಾಕಿದ್ದು. ಪ್ರೀತಿಸಿದವರಿಗೆ ಯಾರೂ ಹಾಕಿಲ್ಲ.

ಕಾಲ ಕಳೆದಂತೆ ಹಳಗನ್ನಡ ಓದುವವರು ಊರಲ್ಲಿ ಇಲ್ಲದಾದರು. ‘ಈ ಕಲ್ಲಲ್ಲಿ ಶಾಪ ಇದೆ’ ಅನ್ನೋ ಅರ್ಧ ಮಾತು ಉಳೀತು, ‘ಯಾರಿಗೆ’ ಅನ್ನೋ ಇನ್ನರ್ಧ ಮರೆತುಹೋಯಿತು.

ನಿಧಿ ಆಸೆಯಿಂದ ಹೋಗೋದು ಏನು?

ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಓದಿದವರಿಗೆ ಗೊತ್ತು: ಏಲಕ್ಕಿ ಬೆಳೆಯುವ ಒಂದು ಯುವ ಜೋಡಿ, ಒಂದು ಹಳೇ ಕಾವ್ಯ, ಅದರೊಳಗೆ ಬೆಲೆಬಾಳುವ ಕೆಂಪು ಕಲ್ಲಿನ ಸುಳಿವು. ಕಾದಂಬರಿಯಲ್ಲಿ ಇದು ಓದೋಕೆ ಮಜಾ. ಹೊಲದ ಕಲ್ಲಿನ ಬರಹದಲ್ಲಿ ಸಿಗೋದು ಮಾತ್ರ ಚಿನ್ನ ಅಲ್ಲ, ಹೆಸರುಗಳು. ಸತ್ತವನ ಹೆಸರು, ಊರಿನ ಹಳೇ ಹೆಸರು, ಕೆರೆ ಕಟ್ಟಿಸಿದವನ ಹೆಸರು.

ಬೆಂಗಳೂರು ಅನ್ನೋ ಹೆಸರು ಸುಮಾರು 1,100 ವರ್ಷ ಹಳೆಯದು ಅಂತ ನಮಗೆ ಗೊತ್ತಾಗಿರೋದು ಬೇಗೂರಿನ ಒಂದು ವೀರಗಲ್ಲಿನಿಂದ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದಲ್ಲಿ ಕಾಡುಹಂದಿ ಜೊತೆ ಕಾದಾಡಿ ಸತ್ತ ‘ಕಾಳಿ’ ಅನ್ನೋ ಬೇಟೆನಾಯಿಯ ಕಥೆ ಇದೆ. ಹತ್ತನೇ ಶತಮಾನದ್ದು ಅದು. ಒಂದು ನಾಯಿಯ ಹೆಸರು ಸಾವಿರ ವರ್ಷ ಉಳಿದಿದೆ. ಆ ಕಲ್ಲನ್ನು ನಿಧಿ ಆಸೆಗೆ ಯಾರಾದರೂ ಒಡೆದಿದ್ದರೆ?

ಕಾನೂನಿನ ಮಾತು ಇಲ್ಲಿ ಸ್ಪಷ್ಟ. 100 ವರ್ಷಕ್ಕಿಂತ ಹಳೆಯ ಶಿಲ್ಪ, ಶಾಸನಗಳು 1972ರ ಪುರಾವಸ್ತು ಕಾಯ್ದೆಯ ಅಡಿ ಬರುತ್ತವೆ. ಲೈಸೆನ್ಸ್ ಇಲ್ಲದೆ ಇವುಗಳ ವ್ಯಾಪಾರ ಮಾಡೋ ಹಾಗಿಲ್ಲ, ಖಾಸಗಿಯವರು ದೇಶದಿಂದ ಹೊರಗೆ ಸಾಗಿಸೋ ಹಾಗಂತೂ ಇಲ್ಲವೇ ಇಲ್ಲ. ಭೂಮಿಯೊಳಗೆ ಹಳೇ ನಾಣ್ಯ, ಒಡವೆ ಸಿಕ್ಕರೆ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಸ್ವಂತ ಜಮೀನಿನಲ್ಲಿ ಸಿಕ್ಕಿದ್ದು ಅಂತ ಮುಚ್ಚಿಟ್ಟುಕೊಳ್ಳೋ ಹಾಗಿಲ್ಲ. ನಿಧಿಗಾಗಿ ವಾಮಾಚಾರ, ಬಲಿ ಅಂತ ಹೊರಟರೆ ಅದಕ್ಕೆ 2017ರ ರಾಜ್ಯ ಕಾಯ್ದೆಯೇ ಬೇರೆ ಇದೆ.

ಇಷ್ಟಪಟ್ಟ ಮದುವೆಗೆ ಕಾನೂನು ಏನು ಕೇಳುತ್ತೆ?

ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. ಇಬ್ಬರಿಗೂ ಮನಸ್ಸಿರಬೇಕು. ಮೊದಲ ಮದುವೆ ಚಾಲ್ತಿಯಲ್ಲಿರಬಾರದು. ಕಾನೂನು ನಿಷೇಧಿಸಿದ ಹತ್ತಿರದ ರಕ್ತ ಸಂಬಂಧ ಇರಬಾರದು.

ಜಾತಿ, ಧರ್ಮ ಬೇರೆ ಇದ್ದವರು 1954ರ ವಿಶೇಷ ವಿವಾಹ ಕಾಯ್ದೆ ಅಡಿ ಮದುವೆ ಆಗಬಹುದು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಇದ್ದು, ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. 30 ದಿನ ಕಾಯಬೇಕು. ಆಮೇಲೆ 3 ಸಾಕ್ಷಿಗಳ ಮುಂದೆ ಮದುವೆ. ಈ 30 ದಿನದಲ್ಲಿ ಆಕ್ಷೇಪಣೆ ಹಾಕಬಹುದು, ಆದರೆ ಕಾನೂನಿನ ಷರತ್ತು ಮುರಿದಿದ್ದರೆ ಮಾತ್ರ ಅದು ನಿಲ್ಲುತ್ತೆ. ‘ನಮಗೆ ಇಷ್ಟ ಇಲ್ಲ’ ಅನ್ನೋದು ಆಕ್ಷೇಪಣೆ ಅಲ್ಲ. ‘ನಮ್ಮ ಹೊಲದಲ್ಲಿ ಮಾಸ್ತಿಗಲ್ಲಿದೆ’ ಅನ್ನೋದಂತೂ ಅಲ್ಲವೇ ಅಲ್ಲ.

ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಕುಟುಂಬದ, ಜಾತಿಯ ಒಪ್ಪಿಗೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. 2021ರ ಫೆಬ್ರವರಿಯಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಮತ್ತೆ ಅದನ್ನೇ ಹೇಳಿದೆ. ಬೆದರಿಕೆ, ಕೂಡಿಹಾಕೋದು ಇದ್ದರೆ 112ಕ್ಕೆ ಕರೆ ಮಾಡಬಹುದು. ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಇದೆ.

ಹಾಗಂತ ಮನೆಯವರನ್ನು ಬಿಟ್ಟು ಓಡಿಹೋಗಿ ಅಂತ ಈ ಲೇಖನ ಹೇಳ್ತಿಲ್ಲ. ಹಳ್ಳಿಯಲ್ಲಿ ಜಮೀನು, ನೀರು, ದನ, ಕೂಲಿ ಎಲ್ಲಕ್ಕೂ ಸಂಬಂಧಿಕರೇ ಬೇಕು. ಮಾತಾಡಿ ಒಪ್ಪಿಸಿದ ಮದುವೆಗೆ ಬಲ ಜಾಸ್ತಿ. ಆದರೆ ಮಾತು ಮಾತಾಗಿರಲಿ. ಹುಡುಗನ ದುಡಿಮೆ, ನಡತೆ, ಹುಡುಗಿಯ ಓದು, ಮುಂದಿನ ಜೀವನ ಇದರ ಬಗ್ಗೆ ಹಿರಿಯರು ಕೇಳಲಿ. ಕೇಳೋ ಹಕ್ಕು ಅವರಿಗಿದೆ. ಓದದೇ ಇರುವ ಕಲ್ಲನ್ನು ಸಾಕ್ಷಿಗೆ ಕರೆಯೋದು ಬೇಡ.

‘ಹಂಗೆ ಮದ್ವೆ ಆದ್ರೆ ಜಮೀನಲ್ಲಿ ಪಾಲಿಲ್ಲ’ ಅನ್ನೋದು ನಿಜವಾ?

ಕೆಲವೊಮ್ಮೆ ಶಾಪದ ಮಾತಿನ ಹಿಂದೆ ಇರೋದು ಇದೇ ಲೆಕ್ಕ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಯಾರನ್ನು ಮದುವೆ ಆದಳು ಅನ್ನೋದರ ಮೇಲೆ ಈ ಹಕ್ಕು ನಿಂತಿಲ್ಲ.

ಎರಡು ವಿಷಯ ನೆನಪಿರಲಿ. ತಂದೆ ಸ್ವಂತ ದುಡಿದು ಸಂಪಾದಿಸಿದ ಆಸ್ತಿಯನ್ನು ಅವರು ಇಷ್ಟ ಬಂದವರಿಗೆ ವಿಲ್ ಬರೆಯಬಹುದು. ಹಾಗೆಯೇ 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಪಾಲಾಗಿ ಮುಗಿದಿದ್ದರೆ ಅದನ್ನು ಈ ತಿದ್ದುಪಡಿ ಕೆದಕುವುದಿಲ್ಲ. ಧರ್ಮ ಬೇರೆಯಾಗಿರುವ ಮದುವೆಯಲ್ಲಿ ಆಸ್ತಿ ವಿಷಯ ಸ್ವಲ್ಪ ಬೇರೆ ಇರಬಹುದು, ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಕಲ್ಲು ಓದಿಸೋದು ಹೇಗೆ?

ಮೈಸೂರು ಜಿಲ್ಲೆಯವರಿಗೆ ಇದು ಬೇರೆ ಎಲ್ಲರಿಗಿಂತ ಸುಲಭ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಇರೋದು ಮೈಸೂರಿನಲ್ಲಿ. ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ ಇರೋದೂ ಇಲ್ಲೇ. ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ಹೊರತಂದ ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ.

1. ಮೊದಲು ನಿಮ್ಮ ಊರಿನ ಹೆಸರು ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಇದೆಯಾ ನೋಡಿಸಿ. ತಾಲ್ಲೂಕುವಾರು ಪಟ್ಟಿ ಇರುತ್ತೆ. ಎಷ್ಟೋ ಕಲ್ಲುಗಳನ್ನು ನೂರು ವರ್ಷದ ಹಿಂದೆಯೇ ಓದಿ ಅಚ್ಚು ಹಾಕಿದ್ದಾರೆ, ಊರಿನವರಿಗೆ ಗೊತ್ತಿಲ್ಲ ಅಷ್ಟೇ.

2. ಇಲ್ಲದಿದ್ದರೆ ಫೋಟೋ ತೆಗೆಯಿರಿ. ನಡುಮಧ್ಯಾಹ್ನ ಬೇಡ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಪಕ್ಕದಿಂದ ಬೀಳುವಾಗ ಅಕ್ಷರ ಎದ್ದು ಕಾಣುತ್ತೆ. ರಾತ್ರಿ ಆದರೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿದು ತೆಗೆಯಬಹುದು. ಇಡೀ ಕಲ್ಲಿನದು ಒಂದು, ಸಾಲು ಸಾಲಾಗಿ ಹತ್ತಿರದಿಂದ ಕೆಲವು.

3. ಆಸಿಡ್, ತಂತಿ ಬ್ರಷ್, ಉಳಿ ಮುಟ್ಟಿಸಬೇಡಿ. ಮೆತ್ತನೆ ಬ್ರಷ್ ಮತ್ತು ನೀರು ಸಾಕು. ಅಕ್ಷರ ಕಾಣಲಿ ಅಂತ ಪೇಂಟ್ ತುಂಬಬೇಡಿ.

4. ಸರ್ವೆ ನಂಬರ್, ಕಲ್ಲಿನ ಉದ್ದ ಅಗಲ, ಊರಿನಲ್ಲಿ ಅದಕ್ಕೆ ಏನಂತ ಕರೀತಾರೆ, ಹಿರಿಯರು ಹೇಳುವ ಕಥೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫೋಟೋ ಜೊತೆ ಇಲಾಖೆಗೆ ಕೊಡಿ. ಕಥೆ ತಪ್ಪಿದ್ದರೂ ಪರವಾಗಿಲ್ಲ, ಅದೂ ಒಂದು ದಾಖಲೆ.

‘ಹೇಳಿದರೆ ಸರ್ಕಾರದವರು ಜಮೀನು ಕಿತ್ಕೊಳ್ತಾರೆ’ ಅನ್ನೋ ಭಯ ಬಹಳ ಜನಕ್ಕಿದೆ. ಕಲ್ಲಿನ ವಿಷಯ ತಿಳಿಸಿದ ಮಾತ್ರಕ್ಕೆ ಜಮೀನು ಹೋಗಲ್ಲ. ಸಂರಕ್ಷಿತ ಸ್ಮಾರಕ ಅಂತ ಘೋಷಿಸಬೇಕಾದರೆ ಮೊದಲು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಸುತ್ತ 100 ಮೀಟರ್ ಕಟ್ಟಡ ಕಟ್ಟಬಾರದು ಅನ್ನೋ ಕೇಂದ್ರದ ನಿಯಮ ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ, ಹೊಲದಲ್ಲಿರುವ ಪ್ರತಿ ವೀರಗಲ್ಲಿಗೂ ಅಲ್ಲ.

ಅಂಗಡಿಯವರು, ಜೆಸಿಬಿ ಮಾಲೀಕರು ಗಮನಿಸಿ

ಕಲ್ಲು ಉಳಿಯೋದು ಬಿಡೋದು ರೈತರೊಬ್ಬರ ಕೈಯಲ್ಲಿಲ್ಲ. ಹೊಲ ಮಟ್ಟ ಮಾಡುವಾಗ ಜೆಸಿಬಿ ಬಕೆಟ್‌ಗೆ ಕೆತ್ತನೆ ಕಲ್ಲು ಸಿಕ್ಕರೆ ಎರಡು ನಿಮಿಷ ಗಾಡಿ ನಿಲ್ಲಿಸಿ, ಬದುವಿಗೆ ಸರಿಸೋದಕ್ಕೂ ಮೊದಲು ಜಾಗದ ಫೋಟೋ ತೆಗೆಯಿರಿ. ಯಾವ ಜಾಗದಲ್ಲಿತ್ತು ಅನ್ನೋದೇ ಅರ್ಧ ಇತಿಹಾಸ. ಹಾರ್ಡ್‌ವೇರ್ ಅಂಗಡಿಯವರು ‘ದೇವರ ಕಲ್ಲಿಗೆ ಬಳಿಯೋಕೆ’ ಅಂತ ಆಯಿಲ್ ಪೇಂಟ್ ಕೇಳಿದವರಿಗೆ ಒಂದು ಮಾತು ಹೇಳಬಹುದು. ಅಂಗಡಿ ಮೆಟ್ಟಿಲು, ಬಟ್ಟೆ ಒಗೆಯುವ ಕಲ್ಲು, ಚರಂಡಿ ಚಪ್ಪಡಿ ಆಗಿರುವ ಹಳೇ ಕಲ್ಲುಗಳಿದ್ದರೆ ಒಮ್ಮೆ ತಿರುಗಿಸಿ ನೋಡಿ, ಅಡಿಯಲ್ಲಿ ಅಕ್ಷರ ಇರಬಹುದು.

ಬೆಂಗಳೂರಿನ ಹೆಬ್ಬಾಳದಲ್ಲಿ ಕ್ರಿ.ಶ. 750ರ ಸುಮಾರಿನ ಕಿತ್ತಯ್ಯ ಎಂಬುವನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂತು. ಅದನ್ನು ಉಳಿಸಲು ನಿಂತವರು ಆಸಕ್ತಿ ಇದ್ದ ಸಾಮಾನ್ಯ ಜನ. ಅಷ್ಟು ದೊಡ್ಡ ನಗರದಲ್ಲಿ ಆಗಿದ್ದು ನಮ್ಮ ತಾಲ್ಲೂಕಿನಲ್ಲಿ ಆಗಲ್ಲ ಅನ್ನೋಕೆ ಕಾರಣ ಇಲ್ಲ.

ಮನೆಯಲ್ಲಿ ಮದುವೆ ಮಾತು ನಡೀತಿದ್ದು, ಹೊಲದ ಕಲ್ಲು ಅಡ್ಡ ಬಂದಿದ್ದರೆ ಮಾಡಬೇಕಾದ ಕೆಲಸ ಒಂದೇ. ಹುಡುಗ, ಹುಡುಗಿ, ಎರಡೂ ಕಡೆ ಹಿರಿಯರು ಒಟ್ಟಿಗೆ ಹೋಗಿ ಕಲ್ಲಿನ ಫೋಟೋ ತೆಗೆದು ಓದಿಸಲಿ. ಅದರಲ್ಲಿ ಶಾಪ ಇದ್ದರೆ ಯಾರಿಗೆ ಅಂತ ಗೊತ್ತಾಗುತ್ತೆ. ಹೆಸರಿದ್ದರೆ ಯಾರದ್ದು ಅಂತ ಗೊತ್ತಾಗುತ್ತೆ. ಏನೂ ಬರೆದಿಲ್ಲ ಅಂದರೆ, ನಾವು ಇಷ್ಟು ದಿನ ಆ ಕಲ್ಲಿನ ಬಾಯಲ್ಲಿ ನಮ್ಮದೇ ಮಾತು ಆಡಿಸುತ್ತಿದ್ದೆವು ಅನ್ನೋದಾದರೂ ಗೊತ್ತಾಗುತ್ತೆ.